ತೇಪೆ ಕಾಣಬಾರದು ಎನ್ನುವವರಿಗೆ ಒಂದು ಬಹಿರಂಗ ಪತ್ರ

ಕಾರ್ಖಾನೆಗಳ ಪ್ಲಾಂಟ್ ಮ್ಯಾನೇಜರ್‌ಗಳಿಗೆ, ಮೆಂಟೆನೆನ್ಸ್ ಮುಖ್ಯಸ್ಥರಿಗೆ, ಪರ್ಚೇಸ್ ವಿಭಾಗದವರಿಗೆ

ಮಾನ್ಯರೇ,

ಎಪಾಕ್ಸಿ ನೆಲದ ದುರಸ್ತಿಗೆಂದು ನಿಮ್ಮಿಂದ ಬರುವ ವರ್ಕ್ ಆರ್ಡರ್‌ಗಳಲ್ಲಿ ಎರಡು ಸಾಲು ತಪ್ಪದೆ ಇರುತ್ತವೆ. ಒಂದು, ದುರಸ್ತಿಯಾದ ಜಾಗ ಹಳೆಯ ನೆಲದೊಂದಿಗೆ ಬೆರೆತಿರಬೇಕು, ತೇಪೆ ಕಾಣಬಾರದು. ಇನ್ನೊಂದು, ಶನಿವಾರ ರಾತ್ರಿ ಪಾಳಿ ಮುಗಿದ ಮೇಲೆ ಜಾಗ ಬಿಟ್ಟುಕೊಡಲಾಗುವುದು, ಸೋಮವಾರ ಬೆಳಗಿನ ಪಾಳಿಗೆ ಸಿದ್ಧವಾಗಿರಬೇಕು. ಪೀಣ್ಯ, ಜಿಗಣಿ, ನಂಜನಗೂಡು, ಬೈಕಂಪಾಡಿ ಯಾವ ಕಡೆಯಿಂದ ಬಂದರೂ ಈ ಎರಡು ಸಾಲು ಒಂದೇ ಕಾಗದದ ಮೇಲೆ ಇರುತ್ತವೆ. ಇಂಥ ನೆಲಗಳನ್ನು ಹಾಕುವ, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಹಾಕಿದ ನೆಲಗಳನ್ನು ಸರಿಪಡಿಸುವ ಕೆಲಸದಲ್ಲಿರುವವನಾಗಿ ಇವುಗಳ ಬಗ್ಗೆ ನಿಮ್ಮೊಡನೆ ಬಿಚ್ಚುಮನಸ್ಸಿನಿಂದ ಮಾತಾಡಬೇಕಿದೆ.

ಮೊದಲ ಸಾಲಿನ ಬಗ್ಗೆ ನನ್ನ ತಕರಾರಿಲ್ಲ. ಅದು ನ್ಯಾಯವಾದ ಬೇಡಿಕೆ. ಔಷಧ ಕಾರ್ಖಾನೆಯಲ್ಲಿ, ಹಾಲಿನ ಡೇರಿಯಲ್ಲಿ, ಮಸಾಲೆ ಪುಡಿ ಪ್ಯಾಕ್ ಮಾಡುವ ಹಾಲ್‌ನಲ್ಲಿ ತೇಪೆಯ ಅಂಚು ಎದ್ದು ನಿಂತರೆ ಅಲ್ಲಿ ಪುಡಿ ಕೂರುತ್ತದೆ, ನೀರು ನಿಲ್ಲುತ್ತದೆ, ಆಮೇಲೆ ಬೂಷ್ಟು. 2023ರ ಡಿಸೆಂಬರ್‌ನಲ್ಲಿ ಪರಿಷ್ಕೃತವಾಗಿ ಹೊರಬಂದ ಔಷಧ ನಿಯಮಗಳ ಶೆಡ್ಯೂಲ್ ‘ಎಂ’ ಆಗಲಿ, ಆಹಾರ ಪರವಾನಗಿಯ 2011ರ ನಿಯಮಗಳ ಶೆಡ್ಯೂಲ್ 4 ಆಗಲಿ ನೆಲ ಸುಲಭವಾಗಿ ತೊಳೆಯುವಂತಿರಬೇಕು ಎಂದು ಕೇಳುವುದು ಇದೇ ಕಾರಣಕ್ಕೆ. ಆಡಿಟ್‌ಗೆ ಬಂದವರ ಕಣ್ಣು ಮೊದಲು ಹೋಗುವುದೂ ನೆಲದ ಕಡೆಗೇ. ಇದಕ್ಕಿಂತ ದೊಡ್ಡ ಮಾತೆಂದರೆ, ದಿನಕ್ಕೆ ಎಂಟು ಗಂಟೆ ಅದೇ ನೆಲದ ಮೇಲೆ ನಿಂತು ದುಡಿಯುವವರಿಗೆ ಅದು ಅಚ್ಚುಕಟ್ಟಾಗಿರಬೇಕು. ಆದ್ದರಿಂದ ಬೆರೆತಿರಬೇಕು ಎನ್ನುವ ಆಸೆ ನನ್ನದೂ ಹೌದು. ನನ್ನ ಜಗಳ ಏನಿದ್ದರೂ, ಆ ಬೆರೆಯುವಿಕೆ ಡಬ್ಬಿಯೊಳಗಿನ ಬಣ್ಣದಿಂದ ಬರುತ್ತದೆ ಎಂದು ನೀವು ನಂಬಿರುವುದರ ಜೊತೆ.

ಆ ಬಣ್ಣದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನೀವು ಫೋನ್ ಮಾಡಿದಾಗ ಮೊದಲು ಹೇಳುವುದು ಅದನ್ನೇ: ‘ರಾಲ್ 7035 ತಗೊಂಡು ಬನ್ನಿ ಸಾರ್, ಅದೇ ನಂಬರ್.’ ರಾಲ್ ಎನ್ನುವುದು 1927ರಲ್ಲಿ ಜರ್ಮನಿಯಲ್ಲಿ ಶುರುವಾದ ಬಣ್ಣದ ಪಟ್ಟಿ. ಎಲ್ಲೋ ಕೂತವರು ಎಲ್ಲೋ ತಯಾರಾಗುವ ಬಣ್ಣವನ್ನು ನಂಬರ್ ಹೇಳಿ ತರಿಸಿಕೊಳ್ಳುವುದಕ್ಕೆ ಅದು ಬಹಳ ಒಳ್ಳೆಯ ಏರ್ಪಾಡು. ಆದರೆ ನಂಬರ್ ಹೇಳುವುದು ಡಬ್ಬಿಯಿಂದ ಹೊರಬಂದ ದಿನದ ಬಣ್ಣವನ್ನು ಮಾತ್ರ. ನಿಮ್ಮ ನೆಲದಲ್ಲಿರುವ ಮಾಮೂಲಿ ಎಪಾಕ್ಸಿ ಬಿಸಿಲಿನ ನೇರಳಾತೀತ ಕಿರಣ ತಾಗಿದಷ್ಟೂ ಹಳದಿಗೆ ತಿರುಗುತ್ತದೆ. ಅದು ಕೆಲಸದ ದೋಷವಲ್ಲ, ಆ ರೆಸಿನ್‌ನ ರಸಾಯನದಲ್ಲೇ ಇರುವ ಗುಣ. ಕಿಟಕಿಯ ಪಕ್ಕದ ನೆಲ ಒಂದು ಬಣ್ಣ, ರ್‍ಯಾಕ್‌ಗಳ ಕೆಳಗೆ ಬೆಳಕು ಕಾಣದ ನೆಲ ಇನ್ನೊಂದು ಬಣ್ಣ, ಶಟರ್ ಬಾಗಿಲ ಹತ್ತಿರದ್ದು ಮತ್ತೊಂದು. ಇವೆಲ್ಲವೂ ಒಂದು ಕಾಲಕ್ಕೆ 7035 ಆಗಿದ್ದವು. ಇವತ್ತು ಹೊಸ 7035 ತಂದು ಸುರಿದರೆ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ.

ಇದಕ್ಕೆ ದಾರಿ ಇದೆ. ಮೊದಲು ಹಳೆಯ ನೆಲವನ್ನು ಸ್ಕ್ರಬ್ಬರ್ ಹಾಕಿ, ಜಿಡ್ಡು ಬಿಡಿಸುವ ದ್ರಾವಣದಿಂದ ತೊಳೆದು, ಒಣಗಿಸಿ ನೋಡಬೇಕು. ಬಣ್ಣ ಹೊಂದಲಿಲ್ಲ ಎಂಬ ದೂರುಗಳಲ್ಲಿ ಒಂದು ದೊಡ್ಡ ಪಾಲು ನಿಜವಾಗಿ ಹಳೆಯ ಕೊಳೆಯ ದೂರು. ತೊಳೆದ ಮೇಲೆ ಕಾಣುವ ಬಣ್ಣಕ್ಕೆ ಹೊಂದುವ ಮೂರ್ನಾಲ್ಕು ಶೇಡ್‌ಗಳನ್ನು ಚಿಕ್ಕ ಹಲಗೆಗಳ ಮೇಲೆ ಎಳೆದು, ಪೂರ್ತಿ ಗಟ್ಟಿಯಾಗಲು ಬಿಟ್ಟು, ಆಮೇಲೆ ದುರಸ್ತಿಯಾಗಬೇಕಾದ ಜಾಗದಲ್ಲೇ ಇಟ್ಟು ನೋಡಬೇಕು. ಹಸಿಯಾಗಿರುವಾಗ ಕಾಣುವ ಬಣ್ಣವನ್ನು ನಂಬುವ ಹಾಗಿಲ್ಲ. ಆಫೀಸಿನ ಮೇಜಿನ ಮೇಲೆ ನೋಡಿ ಒಪ್ಪಿಗೆ ಕೊಡುವುದೂ ಸಲ್ಲದು. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಒಂದೇ ಎನ್ನಿಸಿದ ಎರಡು ಬೂದು ಬಣ್ಣಗಳು ಮಧ್ಯಾಹ್ನದ ಹಗಲು ಬೆಳಕಿಗೆ ಬಂದ ಕೂಡಲೇ ಬೇರೆಬೇರೆಯಾಗುತ್ತವೆ. ಆಯ್ಕೆ ಮಾಡುವವರು ಕೂಡ ನೆಲದ ಮೇಲೆ ನಿಂತೇ ನೋಡಲಿ, ಹಗಲಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ. ಇಷ್ಟಕ್ಕೆ ಎರಡು ಮೂರು ದಿನ ಬೇಕು. ಕೆಲಸ ನಿಲ್ಲಿಸಬೇಕಾಗಿಲ್ಲ, ಹಲಗೆ ಇಡಲು ಅನುಮತಿ ಕೊಟ್ಟರೆ ಸಾಕು. ಆ ಅನುಮತಿ ನಮಗೆ ಸಿಗುವುದು ಅಪರೂಪ.

ಬಣ್ಣ ಹೊಂದಿದ ಮೇಲೂ ತೇಪೆ ಎದ್ದು ಕಾಣುವುದುಂಟು. ಆಗ ಕಾರಣ ಹೊಳಪು. ವರ್ಷಗಟ್ಟಲೆ ಟ್ರಾಲಿ ಓಡಾಡಿ, ಬೂಟುಗಾಲು ತುಳಿದು, ಪೊರಕೆ ಉಜ್ಜಿ ಹಳೆಯ ನೆಲ ಮಂಕಾಗಿರುತ್ತದೆ. ಅದರ ನಡುವೆ ಹೊಸ ಎಪಾಕ್ಸಿ ಟ್ಯೂಬ್‌ಲೈಟಿನ ಬಿಂಬವನ್ನು ಎತ್ತಿ ತೋರಿಸುತ್ತಾ ಕೂತಿರುತ್ತದೆ. ಮೈಯ ತರಿಯೂ ಅಷ್ಟೇ ಮುಖ್ಯ. ಹಳೆಯ ನೆಲ ರೋಲರ್‌ನಲ್ಲಿ ಹಚ್ಚಿದ್ದಾದರೆ ಅದರ ಮೈಯಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿ ಇರುತ್ತದೆ; ಅಲ್ಲಿ ತಾನಾಗಿ ಹರಡಿ ಸಮವಾಗುವ ಸೆಲ್ಫ್ ಲೆವೆಲಿಂಗ್ ಮಾಲು ಸುರಿದರೆ ಕನ್ನಡಿಯ ತುಂಡು ಇಟ್ಟಂತಾಗುತ್ತದೆ. ಹಳೆಯದನ್ನು ಹೇಗೆ ಹಾಕಿದ್ದರೋ ತೇಪೆಯ ಮೇಲಿನ ಪದರವನ್ನೂ ಹಾಗೇ ಹಾಕಬೇಕು, ಆಮೇಲೆ ಮ್ಯಾಟ್ ಸೀಲರ್‌ನಿಂದ ಹೊಳಪನ್ನು ಇಳಿಸಬೇಕು. ಬಿಸಿಲು ಬೀಳುವ ಕಡೆ ಆ ಕೊನೆಯ ಪದರ ಅಲಿಫ್ಯಾಟಿಕ್ ಪಾಲಿಯುರೆಥೇನ್ ಆಗಿದ್ದರೆ ಬಹಳ ಕಾಲ ಹಳದಿಯಾಗುವುದಿಲ್ಲ. ಡಬ್ಬಿಯ ಬೆಲೆ ಹೆಚ್ಚು, ನಿಜ. ಆದರೆ ಕೊನೆಯ ಪದರ ತೀರ ತೆಳು, ಮಾಲು ಹೆಚ್ಚು ಹಿಡಿಯುವುದಿಲ್ಲ.

ಇನ್ನು ಈ ಪತ್ರ ಬರೆಯಲು ಕಾರಣವಾದ ವಿಷಯ. ತೇಪೆ ಬೆರೆಯುತ್ತದೋ ಇಲ್ಲವೋ ಎನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದು ಎಲ್ಲಿ ಮುಗಿಯುತ್ತದೆ ಎನ್ನುವುದು. ಮನುಷ್ಯನ ಕಣ್ಣು ದೂರದೂರದಲ್ಲಿರುವ ಎರಡು ಬಣ್ಣಗಳ ಸಣ್ಣ ವ್ಯತ್ಯಾಸವನ್ನು ಹಿಡಿಯಲಾರದು. ಅವೆರಡೂ ಒಂದನ್ನೊಂದು ಮುಟ್ಟಿಕೊಂಡು ಇದ್ದರೆ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುತ್ತದೆ. ಹಾಲ್‌ನ ನಟ್ಟನಡುವೆ, ಬಯಲು ನೆಲದಲ್ಲಿ ಮುಗಿದ ತೇಪೆಯನ್ನು ಯಾವ ಬಣ್ಣವೂ ಮುಚ್ಚಲಾರದು. ಅದೇ ತೇಪೆ ಮೊದಲೇ ಇರುವ ಒಂದು ಗೆರೆಯಲ್ಲಿ, ಕಾಂಕ್ರೀಟಿನ ಜಾಯಿಂಟ್‌ನಲ್ಲಿ, ಚರಂಡಿಯ ಅಂಚಿನಲ್ಲಿ, ಕಂಬದ ಬುಡದಲ್ಲಿ, ಓಡಾಟದ ದಾರಿಗೆ ಎಳೆದ ಹಳದಿ ಪಟ್ಟಿಯ ಪಕ್ಕದಲ್ಲಿ ಮುಗಿದರೆ ಕಣ್ಣು ಅದನ್ನು ಕೇಳುವುದೇ ಇಲ್ಲ. ಅಲ್ಲಿ ಗೆರೆ ಇರುವುದು ಸಹಜವೆಂದು ಒಪ್ಪಿಕೊಂಡುಬಿಡುತ್ತದೆ.

ಹೀಗಾಗಿ ಹತ್ತು ಚದರ ಅಡಿ ಕಿತ್ತುಹೋಗಿದ್ದರೆ ಆ ಹತ್ತು ಅಡಿಯನ್ನು ತುಂಬಿ, ಮೇಲಿನ ಕೊನೆಯ ಪದರವನ್ನು ಮಾತ್ರ ಜಾಯಿಂಟ್‌ನಿಂದ ಜಾಯಿಂಟ್‌ವರೆಗೆ ಇಡೀ ಅಂಕಣಕ್ಕೆ ಹಚ್ಚಿ ಎಂದು ನಾವು ಹೇಳುತ್ತೇವೆ. ಪರ್ಚೇಸ್ ವಿಭಾಗದ ಮಿತ್ರರು ಅಲ್ಲಿಗೆ ಪೆನ್ನು ಇಟ್ಟು, ‘ಹಾಳಾಗಿರೋದು ಹತ್ತೇ ಅಡಿ, ನಾನೂರು ಅಡಿಗೆ ಯಾಕೆ ರೇಟು?’ ಎಂದು ಕೇಳುತ್ತಾರೆ. ಅವರ ಪ್ರಶ್ನೆ ನನಗೆ ಅರ್ಥವಾಗುತ್ತದೆ, ಅವರು ಉತ್ತರ ಕೊಡಬೇಕಾದ ಲೆಕ್ಕಪತ್ರವೂ ಅರ್ಥವಾಗುತ್ತದೆ. ನನ್ನ ಉತ್ತರ ಇಷ್ಟು: ಹತ್ತು ಅಡಿ ದುರಸ್ತಿಗೆ, ಉಳಿದದ್ದು ಅದು ಕಾಣದಿರುವುದಕ್ಕೆ. ಕಾಣದಿರುವುದು ಬೇಡವಾದರೆ ಹತ್ತು ಅಡಿಯ ಹಣವನ್ನಷ್ಟೇ ಕೊಡಿ. ನೇರ ಅಂಚಿನ, ಮಟ್ಟ ಸರಿಯಿರುವ, ಗಟ್ಟಿಯಾದ ಒಂದು ಚೌಕವನ್ನು ಮಾಡಿಕೊಡುತ್ತೇವೆ. ಅದು ಕಾಣುತ್ತದೆ. ಗೋದಾಮಿನಲ್ಲಿ, ಲೋಡಿಂಗ್ ಜಾಗದಲ್ಲಿ ಅಂಥ ಚೌಕ ಏನೂ ಅವಮಾನವಲ್ಲ, ಆಡಿಟರ್ ಕೂಡ ಅದಕ್ಕೆ ತಪ್ಪು ಹಿಡಿಯುವುದಿಲ್ಲ. ಹತ್ತು ಅಡಿಯ ಹಣಕ್ಕೆ ಕಾಣದ ತೇಪೆ ಮಾತ್ರ ಯಾರಿಂದಲೂ ಆಗದ ಕೆಲಸ. ಆಗುತ್ತದೆ ಎಂದು ಒಪ್ಪಿಕೊಂಡು ಬರುವವರು ಅಂಚನ್ನು ತೆಳ್ಳಗೆ ಎಳೆದು ಹಳೆಯ ನೆಲದ ಮೇಲೆ ಸವರಿ ಹೋಗುತ್ತಾರೆ. ಮೊದಲ ವಾರ ಚೆನ್ನಾಗಿ ಕಾಣುತ್ತದೆ. ಕಾಗದದಷ್ಟು ತೆಳುವಾದ ಆ ಅಂಚು ಪ್ಯಾಲೆಟ್ ಟ್ರಕ್‌ನ ಚಕ್ರಕ್ಕೆ ಸಿಕ್ಕಿ ಚಕ್ಕೆ ಎದ್ದು, ಅಲ್ಲಿಂದ ಒಳಕ್ಕೆ ಬಿಡುತ್ತಾ ಹೋಗುತ್ತದೆ.

ಅಂಚು ಎಂದರೆ ಹೇಗಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ಕೆಲಸ ನಡೆಯುವಾಗ ನೀವೇ ಬಂದು ನೋಡಬಹುದು. ಮೊದಲು ಸುತ್ತಿಗೆಯ ಹಿಡಿಯಿಂದ ಸುತ್ತಮುತ್ತ ತಟ್ಟುತ್ತಾ ಹೋಗಬೇಕು. ಟೊಳ್ಳು ಸದ್ದು ಬಂದಲ್ಲೆಲ್ಲ ಎಪಾಕ್ಸಿ ಕಾಂಕ್ರೀಟನ್ನು ಬಿಟ್ಟಿದೆ ಎಂದೇ ಲೆಕ್ಕ, ಮೇಲೆ ಎಷ್ಟೇ ನುಣ್ಣಗಿರಲಿ. ಗಟ್ಟಿ ಸದ್ದು ಬರುವ ಜಾಗದವರೆಗೂ ಹೋಗಿ, ಅಲ್ಲಿ ಕಟ್ಟರ್‌ನಿಂದ ನೇರ ಗೆರೆಯಲ್ಲಿ ಚೌಕವಾಗಿ ಕತ್ತರಿಸಿ, ಒಳಗಿನದನ್ನು ಕಿತ್ತು, ಗ್ರೈಂಡರ್ ಹಾಕಿ ಒಳ್ಳೆಯ ಕಾಂಕ್ರೀಟು ಕಾಣುವವರೆಗೆ ಉಜ್ಜಬೇಕು. ಮಾಲು ದಪ್ಪವಾಗಿರುವ ಕಡೆ ಅಂಚಿನುದ್ದಕ್ಕೂ ಒಂದು ಕಚ್ಚು ತೋಡಿದರೆ ಹೊಸ ಸ್ಕ್ರೀಡ್, ಅಂದರೆ ಗುಂಡಿ ತುಂಬುವ ದಪ್ಪ ಪದರ, ಅದರಲ್ಲಿ ಕೂತು ಹಿಡಿದುಕೊಳ್ಳುತ್ತದೆ. ಗ್ರೈಂಡರ್‌ಗೆ ವ್ಯಾಕ್ಯೂಮ್ ಜೋಡಿಸದೆ ಕೆಲಸ ಮಾಡಿದರೆ ಎದ್ದ ಧೂಳು ಪ್ರೈಮರ್‌ನ ಕೆಳಗೇ ಬಂದು ಕೂರುತ್ತದೆ, ಹುಡುಗರ ಎದೆಗೂ ಹೋಗುತ್ತದೆ. ಆಸಿಡ್ ಸುರಿದು ತೊಳೆದರೆ ಸಾಕು ಎನ್ನುವವರನ್ನು ದಯವಿಟ್ಟು ನಂಬಬೇಡಿ. ಒಳಗೆ ಉಳಿಯುವ ನೀರು, ಉಪ್ಪು ಎರಡೂ ಆಮೇಲೆ ಕಾಡುತ್ತವೆ.

ಇಷ್ಟೆಲ್ಲ ಮಾಡುವ ಮೊದಲು ಕೇಳಲೇಬೇಕಾದ ಪ್ರಶ್ನೆ, ಅಲ್ಲೇ ಯಾಕೆ ಕಿತ್ತುಬಂತು ಎಂಬುದು. ನೆಲದ ಅಡಿಯಿಂದ ತೇವ ಏರುತ್ತಿದ್ದರೆ ಎಷ್ಟು ಚಂದದ ತೇಪೆಯೂ ಗುಳ್ಳೆ ಏಳುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟಿಗೆ ಸುತ್ತಲೂ ಟೇಪಿನಿಂದ ಅಂಟಿಸಿ ಕನಿಷ್ಠ 16 ಗಂಟೆ ಬಿಟ್ಟು ತೆಗೆದರೆ ತೇವದ ಸಂಗತಿ ಗೊತ್ತಾಗುತ್ತದೆ. ಹನಿ ಕೂತಿದ್ದರೆ, ಕಾಂಕ್ರೀಟು ಕಪ್ಪಾಗಿದ್ದರೆ ಮಾಮೂಲಿ ಪ್ರೈಮರ್ ಅಲ್ಲಿ ನಿಲ್ಲುವುದಿಲ್ಲ. ಲೇತ್‌ಗಳ ಕೆಳಗೆ ಕಟಿಂಗ್ ಆಯಿಲ್ ಕುಡಿದ ಕಾಂಕ್ರೀಟು, ಕುದಿನೀರು ಸುರಿಯುವ ಕಡಾಯಿಯ ಕೆಳಗಿನ ನೆಲ, ಉಕ್ಕಿನ ಚಕ್ರದ ಟ್ರಾಲಿ ತಿರುಗುವ ಮೂಲೆ, ಇವಕ್ಕೆ ಒಂದೊಂದಕ್ಕೂ ಬೇರೆ ಮದ್ದು. ಬಿಸಿ ತಾಗಿದಾಗ ಬರಿಯ ಎಪಾಕ್ಸಿ ಕಾಂಕ್ರೀಟಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹಿಗ್ಗುತ್ತದೆ. ಕುದಿನೀರು ಬೀಳುವ ಅಡುಗೆ ವಿಭಾಗದ ನೆಲಕ್ಕೆ ಪಿಯು (ಪಾಲಿಯುರೆಥೇನ್) ಕಾಂಕ್ರೀಟು ಹಾಕುವುದು ಇದಕ್ಕೇ. ಅಲ್ಲಿ ಒಡೆದ ಜಾಗಕ್ಕೆ ಸ್ಟೋರ್‌ನಲ್ಲಿ ಉಳಿದಿದ್ದ ಎಪಾಕ್ಸಿಯನ್ನು ತಂದು ತುಂಬಿದರೆ ಬಣ್ಣ ಹೊಂದಬಹುದು, ನೆಲ ಹೊಂದುವುದಿಲ್ಲ. ಅಲುಗಾಡುವ ಜಾಯಿಂಟ್‌ನ ಮೇಲೆ ಗೆರೆ ಕಾಣಬಾರದೆಂದು ಎಪಾಕ್ಸಿ ಎಳೆಸುವುದೂ ಹೀಗೆಯೇ. ಕಾಂಕ್ರೀಟು ತನ್ನ ಗೆರೆಯನ್ನು ಮತ್ತೆ ಎಳೆದುಕೊಳ್ಳುತ್ತದೆ, ಈ ಸಲ ಸೊಟ್ಟಗೆ.

ಎರಡನೇ ಸಾಲಿಗೆ ಬರುತ್ತೇನೆ. ಶನಿವಾರ ರಾತ್ರಿಯಿಂದ ಸೋಮವಾರ ಬೆಳಗ್ಗೆಯವರೆಗಿನ ಸಮಯದಲ್ಲಿ ಕೀಳುವುದು, ಉಜ್ಜುವುದು, ಪ್ರೈಮರ್, ಸ್ಕ್ರೀಡ್, ಮೇಲಿನ ಪದರ ಇಷ್ಟನ್ನೂ ಮುಗಿಸಬೇಕು. ಒಂದರ ಮೇಲೊಂದು ಹಚ್ಚಲು ಕೆಳಗಿನದು ಸೆಟ್ ಆಗಿರಬೇಕು; ತೀರ ತಡವಾದರೆ ಮತ್ತೆ ಉಜ್ಜಿ ಹಚ್ಚಬೇಕು. ಎಪಾಕ್ಸಿಯ ಗಡಿಯಾರ ನಮ್ಮ ಪಾಳಿಯ ಗಡಿಯಾರ ನೋಡಿಕೊಂಡು ನಡೆಯುವುದಿಲ್ಲ, ತಾಪಮಾನ ನೋಡಿಕೊಂಡು ನಡೆಯುತ್ತದೆ. ಹತ್ತು ಡಿಗ್ರಿ ಏರಿದರೆ ಕಲಸಿದ ಮಾಲು ಕೈಯಲ್ಲಿ ಉಳಿಯುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹತ್ತು ಇಳಿದರೆ ಕಾಯುವ ಸಮಯ ದುಪ್ಪಟ್ಟಾಗುತ್ತದೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಬಕೆಟ್ಟಿನಲ್ಲೇ ಹೊಗೆಯಾಡುವ ಮಾಲು, ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಬೆರಳಿಗೆ ಅಂಟುತ್ತಲೇ ಇರುತ್ತದೆ.

ಕರಾವಳಿಯ ಮಳೆಗಾಲದ ಕಷ್ಟ ಬೇರೆ ಥರದ್ದು. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಹಾರ್ಡ್‌ನರ್‌ನಲ್ಲಿರುವ ಅಮೀನ್ ಸೇರಿ ಹಸಿ ಎಪಾಕ್ಸಿಯ ಮೇಲೆ ಬೆಳ್ಳನೆಯ, ಜಿಡ್ಡುಜಿಡ್ಡಾದ ಒಂದು ಪೊರೆ ಕಟ್ಟುತ್ತದೆ. ಅಮೀನ್ ಬ್ಲಶ್ ಎನ್ನುತ್ತಾರೆ. ಬೂದು ನೆಲದಲ್ಲಿ ಅದು ಮಂಜಿನ ಕಲೆಯ ಹಾಗೆ ಕಾಣುತ್ತದೆ. ಅದನ್ನು ಬಿಸಿನೀರಿನಿಂದ ತೊಳೆಯದೆ ಮೇಲೆ ಇನ್ನೊಂದು ಪದರ ಹಚ್ಚಿದರೆ ಆ ಪದರ ಹಾಳೆಯಂತೆ ಎದ್ದುಬರುತ್ತದೆ. ನೆಲದ ಉಷ್ಣತೆ ಗಾಳಿಯ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂಬ ನಿಯಮ ಬಹುತೇಕ ತಯಾರಕರ ಡೇಟಾ ಶೀಟಿನಲ್ಲಿ ಇರುತ್ತದೆ. ಬೈಕಂಪಾಡಿಯ ಜುಲೈ ರಾತ್ರಿಯಲ್ಲಿ ಅದನ್ನು ಪಾಲಿಸಬೇಕಾದರೆ ಡಿಹ್ಯೂಮಿಡಿಫೈಯರ್ ಓಡಿಸಬೇಕು. ಬೇಗ ಒಣಗಲೆಂದು ಗ್ಯಾಸ್ ಅಥವಾ ಡೀಸೆಲ್ ಹೀಟರ್ ತಂದಿಟ್ಟರೆ ಅದು ಉಗುಳುವುದು ತೇವವನ್ನು ಮತ್ತು ಇಂಗಾಲದ ಡೈಆಕ್ಸೈಡನ್ನೇ, ಪೊರೆ ಇನ್ನಷ್ಟು ದಪ್ಪಗೆ ಕಟ್ಟುತ್ತದೆ.

ಅವಸರದ ಬೆಲೆಯನ್ನು ನೆಲವೊಂದೇ ತೆರುವುದಿಲ್ಲ, ಮಾನ್ಯರೇ. ಮೊಣಕಾಲೂರಿ ಕರಣೆ ಹಿಡಿದು ಆ ನೆಲವನ್ನು ಎಳೆಯುವ ಹುಡುಗರು ರಾಯಚೂರು, ಯಾದಗಿರಿ ಕಡೆಯವರು, ಒಡಿಶಾ, ಬಿಹಾರದವರು. ಗಟ್ಟಿಯಾಗದ ಎಪಾಕ್ಸಿ, ಹಾರ್ಡ್‌ನರ್ ಚರ್ಮಕ್ಕೆ ತಾಗುತ್ತಾ ಹೋದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿತೆಂದರೆ ಸಾಮಾನ್ಯವಾಗಿ ಜೀವನಪರ್ಯಂತ ಇರುತ್ತದೆ. ಆಮೇಲೆ ಡಬ್ಬಿ ತೆರೆದ ಕೋಣೆಗೆ ಹೋದರೂ ಕೆಲವರ ಮುಖ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತವೆ. ಆ ಹುಡುಗ ಕಲಿತ ಕೆಲಸವನ್ನೇ ಬಿಡಬೇಕಾಗುತ್ತದೆ. ಹೊತ್ತಾಯಿತೆಂದು ನೈಟ್ರೈಲ್ ಗ್ಲೌಸ್ ಬದಲಿಸದೆ, ಕೈಗೆ ಹತ್ತಿದ್ದನ್ನು ಥಿನ್ನರ್‌ನಿಂದ ಒರೆಸಿಕೊಂಡು ದುಡಿದರೆ ಇದು ಇನ್ನೂ ಬೇಗ ಬರುತ್ತದೆ, ಏಕೆಂದರೆ ಥಿನ್ನರ್ ಚರ್ಮದ ಎಣ್ಣೆಯನ್ನು ತೆಗೆದು ರೆಸಿನ್‌ಗೆ ದಾರಿ ಮಾಡಿಕೊಡುತ್ತದೆ. ಗ್ಲೌಸ್ ಕೊಡುವುದು, ಬದಲಿಸುವಂತೆ ನೋಡಿಕೊಳ್ಳುವುದು ಗುತ್ತಿಗೆದಾರರ ಹೊಣೆ, ಅದನ್ನು ನಾವೇ ಹೊರಬೇಕು. ನೀವು ಮಾಡಬೇಕಾದದ್ದು ಎರಡು. ರಾತ್ರಿ ಎಸಿ, ಎಕ್ಸಾಸ್ಟ್ ನಿಲ್ಲಿಸಿ ಮುಚ್ಚಿದ ಕೋಣೆಯಲ್ಲಿ ಅವರನ್ನು ಬಿಡಬೇಡಿ. ಸೋಪು, ನೀರು ಇರುವ ಒಂದು ನಲ್ಲಿಯನ್ನು ಹತ್ತಿರದಲ್ಲೇ ಬಿಟ್ಟುಕೊಡಿ.

ಹೊಸ ಕಟ್ಟಡ ಕಟ್ಟುತ್ತಿರುವವರಿಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತಿದೆ. ಯಾವುದೇ ನೆಲ ಒಂದು ದಿನ ದುರಸ್ತಿಗೆ ಬರುತ್ತದೆ. ಒಂದೇ ಬಣ್ಣದ ನುಣುಪು ನೆಲವೇ ಬೇಕೇ ಎಂದು ಯೋಚಿಸಿ. ಬಣ್ಣದ ಚಕ್ಕೆಗಳನ್ನು ಉದುರಿಸಿದ ಫ್ಲೇಕ್ ನೆಲ, ಎರಡು ಮೂರು ಬಣ್ಣದ ಕ್ವಾರ್ಟ್ಜ್ ಮರಳು ಬೆರೆಸಿದ ನೆಲ ತೇಪೆಯನ್ನು ಬಹಳ ಚೆನ್ನಾಗಿ ನುಂಗಿಕೊಳ್ಳುತ್ತವೆ. ಅಲ್ಲಿ ಕಣ್ಣಿಗೆ ಒಂದೇ ಬಣ್ಣ ಎನ್ನುವುದೇ ಸಿಗುವುದಿಲ್ಲ. ಅದೇ ಚಕ್ಕೆಯ ಅದೇ ಮಿಶ್ರಣ ಸಿಕ್ಕರೆ ಅರ್ಧ ಕೆಲಸ ಆದಂತೆ. ಆಮೇಲೆ, ನೆಲ ಹಾಕುವ ದಿನವೇ ಅದೇ ಬ್ಯಾಚಿನ ಮಾಲಿನಿಂದ ನಾಲ್ಕಾರು ಚೌಕ ಹಲಗೆಗಳನ್ನು ಮಾಡಿಸಿ, ಅರ್ಧವನ್ನು ಕತ್ತಲೆಯ ಬೀರುವಿನಲ್ಲೂ ಅರ್ಧವನ್ನು ಅದೇ ಹಾಲ್‌ನ ಕಿಟಕಿಯ ಬಳಿಯೂ ಇಡಿಸಿ. ಉತ್ಪನ್ನದ ಹೆಸರು, ಬ್ಯಾಚ್ ನಂಬರ್, ಎಷ್ಟು ಮಿಲಿಮೀಟರ್ ದಪ್ಪ, ಯಾವ ಪ್ರೈಮರ್, ಕೊನೆಯ ಪದರ ರೋಲರ್‌ನದೋ ಕರಣೆಯದೋ ಎಂಬುದನ್ನು ಕಟ್ಟಡದ ಫೈಲಿನಲ್ಲಿ ಬರೆದಿಡಿ. ವರ್ಷಗಳ ನಂತರ ದುರಸ್ತಿಗೆ ಬರುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಉಳಿದ ಡಬ್ಬಿಗಳನ್ನು ಮುಂದೆ ಬೇಕಾಗುತ್ತದೆಂದು ಸ್ಟೋರ್‌ನಲ್ಲಿ ಇಟ್ಟುಕೊಳ್ಳುವವರು ಅವುಗಳ ಮೇಲಿನ ತಾರೀಖನ್ನೂ ನೋಡಬೇಕು. ಅವಧಿ ಮುಗಿದ ಮಾಲಿಗೆ ಬಣ್ಣ ಅದೇ ಇದ್ದರೂ ಹಿಡಿತ ಇರುವ ಖಾತ್ರಿಯಿಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ. ನಿಮ್ಮ ವಾರ್ಷಿಕ ಶಟ್‌ಡೌನ್ ಪಟ್ಟಿಯಲ್ಲಿ ಬಾಯ್ಲರ್, ಕಂಪ್ರೆಸರ್, ಕನ್ವೇಯರ್‌ಗಳ ಜೊತೆಗೆ ನೆಲವನ್ನೂ ಸೇರಿಸಿ. ಆಯುಧಪೂಜೆಗೆ ಯಂತ್ರಗಳನ್ನು ಸರಿಸಿ ತೊಳೆಯುವಾಗ ಯಾರನ್ನಾದರೂ ಸುತ್ತಿಗೆ ಹಿಡಿಸಿ ನೆಲವನ್ನು ತಟ್ಟಿ ನೋಡಲು ಹೇಳಿ, ಟೊಳ್ಳು ಸದ್ದು ಬಂದ ಜಾಗಗಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಸಿ. ಬೂದುಗುಂಬಳ ಒಡೆಯುವಲ್ಲಿ ಒಂದು ಪ್ಲೈವುಡ್ ಹಾಳೆ ಹಾಸಿದರೆ ಅರಿಸಿನ, ಕುಂಕುಮದ ಕಲೆ ನೆಲಕ್ಕೆ ಹಿಡಿಯದೆ ಉಳಿಯುತ್ತದೆ. ಗುರುತು ಮಾಡಿದ ಜಾಗಗಳು ಕಿತ್ತು ಏಳುವ ಮೊದಲೇ ನಮ್ಮನ್ನು ಕರೆಯಿರಿ. ಜಾಗ ನೋಡಲು ಒಂದು ದಿನ, ಹಲಗೆ ಇಡಲು ಮೂರು ದಿನ, ಕೆಲಸಕ್ಕೆ ಹವೆ ಒಪ್ಪುವ ನಾಲ್ಕು ದಿನ, ಗಟ್ಟಿಯಾಗಲು ಡೇಟಾ ಶೀಟ್ ಹೇಳಿದಷ್ಟು ದಿನ ಕೊಡಿ. ರಾಸಾಯನಿಕ ಚೆಲ್ಲುವ ವಿಭಾಗವಾದರೆ ಅದು ಸಾಮಾನ್ಯವಾಗಿ ಒಂದು ವಾರ. ಇಷ್ಟು ಸಮಯ ಕೊಟ್ಟ ಮೇಲೂ ತೇಪೆಯ ಅಂಚು ಎದ್ದರೆ, ಬಣ್ಣ ಬೇರೆಯಾದರೆ ನಮ್ಮ ಬಿಲ್ಲನ್ನು ತಡೆಹಿಡಿಯಿರಿ, ನಾವು ಪ್ರಶ್ನಿಸುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಎಪಾಕ್ಸಿ ನೆಲದ ಕೆಲಸದ ಒಬ್ಬ ಗುತ್ತಿಗೆದಾರ
ಬೆಂಗಳೂರು